ವಿಶೇಷ ಮಕ್ಕಳಿಗೆ ಕುದುರೆ ಸವಾರಿ ಕಲಿಸುವುದು: ನಮ್ಮ ಕರಾವಳಿಯಲ್ಲಿ ಆಗುತ್ತದಾ?

ಕಟಪಾಡಿ ಅಮ್ಮ, ಅಕ್ಟೋಬರ್ 6

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿ ಉಂಟು, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಹಿಡಿತ ತಪ್ಪುವುದು. ಎರಡೂ ಕಾಲು ಬಿಗಿ, ಕೈ ಪರವಾಗಿಲ್ಲ. ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾನೆ. ಮಾತು ಬರುತ್ತದೆ, ಆದರೆ ಒಂದು ಶಬ್ದ ಹೊರಗೆ ಬರಲು ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಎದುರಿಗಿದ್ದವರು ತಾವೇ ಉತ್ತರ ಹೇಳಿ ಮುಗಿಸಿರುತ್ತಾರೆ.

ಕಳೆದ ಭಾನುವಾರ ಪಣಂಬೂರು ಬೀಚಿಗೆ ಹೋಗಿದ್ದೆವು. ಅಲ್ಲಿ ಕುದುರೆ ಕಂಡು ಹಟ ಹಿಡಿದ. ಇಷ್ಟರವರೆಗೆ ಅವನು ನೋಡಿದ್ದು ಮೆರವಣಿಗೆಯ ಕೀಲುಕುದುರೆ ಮಾತ್ರ. ಕುದುರೆಯವರು ಒಳ್ಳೆಯ ಜನ. ಅವರು ಒಂದು ಬದಿ, ನನ್ನ ಗಂಡ ಇನ್ನೊಂದು ಬದಿ ಹಿಡಿದುಕೊಂಡು ಹತ್ತು ನಿಮಿಷ ನಿಧಾನಕ್ಕೆ ನಡೆಸಿದರು. ಇಳಿಸಿದ ಮೇಲೆ ನನಗೆ ಒಂದು ವ್ಯತ್ಯಾಸ ಕಂಡಿತು. ಯಾವಾಗಲೂ ಕತ್ತರಿಯ ಹಾಗೆ ಒಂದರ ಮೇಲೊಂದು ಬೀಳುವ ಕಾಲುಗಳು ಸಡಿಲವಾಗಿದ್ದವು. ದಿನಾ ಸ್ಪ್ಲಿಂಟ್ (ಕಾಲು ನೇರ ಇಡುವ ಪಟ್ಟಿ) ಹಾಕಲು ಅವನ ಕಾಲು ಬಿಡಿಸಿ ಬಿಡಿಸಿ ಸಾಕಾಗುತ್ತದೆ. ಅವತ್ತು ಎರಡೇ ನಿಮಿಷದಲ್ಲಿ ಮುಗಿಯಿತು. ರಾತ್ರಿ ಮಲಗುವವರೆಗೂ ಹಾಗೆಯೇ ಇತ್ತು.

ಇದು ನನ್ನ ಭ್ರಮೆಯಾ? ಅತ್ತೆ ಹೇಳುತ್ತಾರೆ, ಖುಷಿಯಲ್ಲಿ ಕಾಲು ಸಡಿಲ ಆಗಿರಬೇಕು ಅಂತ. ಹೊರದೇಶದಲ್ಲಿ ಇಂಥ ಮಕ್ಕಳಿಗೆ ಸವಾರಿ ಕಲಿಸುತ್ತಾರಂತೆ. ಉಡುಪಿ, ಮಂಗಳೂರು ಕಡೆ ಇದನ್ನು ಸರಿಯಾಗಿ ಮಾಡಲು ಎಂತೆಲ್ಲ ಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಮಣಿಪಾಲದ ಫಿಸಿಯೋ, ಅಕ್ಟೋಬರ್ 6

ಅಕ್ಕಾ, ಭ್ರಮೆ ಅಲ್ಲ. ನಿಮ್ಮ ಅತ್ತೆ ಹೇಳಿದ್ದೂ ಪೂರ್ತಿ ತಪ್ಪಲ್ಲ, ಮನಸ್ಸು ಹಗುರ ಆದರೆ ಬಿಗಿತವೂ ಸ್ವಲ್ಪ ಇಳಿಯುತ್ತದೆ. ಆದರೆ ಕಾರಣ ಅದೊಂದೇ ಅಲ್ಲ.

ಕುದುರೆಯ ಮೈಯ ಬಿಸಿ ನಮಗಿಂತ ಒಂದು ಡಿಗ್ರಿಯಷ್ಟು ಜಾಸ್ತಿ, ಸುಮಾರು 38 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಕೂತಾಗ ತೊಡೆಯ ಒಳಬದಿಯ ಸ್ನಾಯುಗಳಿಗೆ ಬಿಸಿಯೂ ಸಿಗುತ್ತದೆ, ನಿಧಾನವಾದ ಎಳೆತವೂ ಸಿಗುತ್ತದೆ. ಜೊತೆಗೆ ಒಂದೇ ಲಯದ ಅಲುಗಾಟ. ಮೂರೂ ಸೇರಿ ಬಿಗಿತ ಸಡಿಲಿಸುತ್ತವೆ. ಇದು ಕೆಲವು ಗಂಟೆ ಇದ್ದು ಹೋಗುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಕುದುರೆಯ ನಡಿಗೆ. ಅದು ನಡೆಯುವಾಗ ಅದರ ಬೆನ್ನು ಮೇಲೆ ಕೆಳಗೆ ಆಗುತ್ತದೆ, ಎಡಕ್ಕೆ ಬಲಕ್ಕೆ ವಾಲುತ್ತದೆ, ಸ್ವಲ್ಪ ತಿರುಗುತ್ತದೆ ಕೂಡಾ. ನಾವು ನಡೆಯುವಾಗ ನಮ್ಮ ಸೊಂಟ ಹೆಚ್ಚು ಕಡಿಮೆ ಹೀಗೆಯೇ ಅಲುಗುತ್ತದೆ. ನಿಮ್ಮ ಮಗನ ಸೊಂಟಕ್ಕೆ ಆ ಅಲುಗಾಟ ಯಾವತ್ತೂ ಸರಿಯಾಗಿ ಸಿಕ್ಕಿಲ್ಲ, ಅಲ್ವಾ? ಕುದುರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಇಡುತ್ತದೆ. 20 ನಿಮಿಷಕ್ಕೆ 2000 ಆಯಿತು. ಪ್ರತಿ ಹೆಜ್ಜೆಗೂ ಅವನ ಬೆನ್ನು, ಹೊಟ್ಟೆಯ ಸ್ನಾಯುಗಳು ನೇರ ಕೂರಲು ಕೆಲಸ ಮಾಡಲೇಬೇಕು. ನನ್ನ ಕ್ಲಿನಿಕ್‌ನ ದೊಡ್ಡ ಚೆಂಡಿನ ಮೇಲೆ ಕೂರಿಸಿ ಇಷ್ಟು ಸಲ ಮಾಡಿಸಲು ನನ್ನಿಂದ ಆಗುವುದಿಲ್ಲ. ಮಗುವೂ ಒಪ್ಪುವುದಿಲ್ಲ.

ಎರಡು ಹೆಸರು ಬೇರೆ ಬೇರೆ ಎಂದು ತಿಳಿದಿರಲಿ. ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಎಂದರೆ ಕುದುರೆ. ಹಿಪೋಥೆರಪಿಯಲ್ಲಿ ಫಿಸಿಯೋ, ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ಮಾಡಲು ಕಲಿಸುವವರು) ಅಥವಾ ಸ್ಪೀಚ್ ಥೆರಪಿಸ್ಟ್ ಕುದುರೆಯ ನಡಿಗೆಯನ್ನು ಚಿಕಿತ್ಸೆಗೆ ಬಳಸುತ್ತಾರೆ. ಅಲ್ಲಿ ಮಗು ಸವಾರಿ ಕಲಿಯಬೇಕೆಂದಿಲ್ಲ. ಥೆರಪ್ಯೂಟಿಕ್ ರೈಡಿಂಗ್‌ನಲ್ಲಿ ತರಬೇತಿ ಪಡೆದ ಮೇಷ್ಟ್ರು ಮಗುವಿಗೆ ಸವಾರಿಯನ್ನೇ ಕಲಿಸುತ್ತಾರೆ. ಮಗು ಅಲ್ಲಿ ರೋಗಿ ಅಲ್ಲ, ವಿದ್ಯಾರ್ಥಿ.

ಅಧ್ಯಯನಗಳು ನಡೆದಿವೆ. ಕೂರುವ ಸಮತೋಲ, ಸೊಂಟದ ಹಿಡಿತ ಉತ್ತಮ ಆಗುತ್ತದೆ ಎಂದು ಕೆಲವು ತೋರಿಸಿವೆ. ಆದರೆ ಹೆಚ್ಚಿನವು ಸಣ್ಣ ಗುಂಪಿನ ಮೇಲೆ ನಡೆದವು. ಅದಕ್ಕೇ ಹೇಳುತ್ತೇನೆ, ದಿನದ ವ್ಯಾಯಾಮ ಬಿಡಬೇಡಿ. ಇನ್ನೊಂದು ಮಾತು. ಮತ್ತೆ ಕುದುರೆ ಹತ್ತಿಸುವ ಮೊದಲು ಸೊಂಟದ ಎಕ್ಸ್‌ರೇ ತೆಗೆಸಿ. ಇಂಥ ಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗೆ ಹತ್ತಿರ ತೊಡೆಮೂಳೆ ಗುಳಿಯಿಂದ ಹೊರಗೆ ಜಾರುತ್ತಾ ಇರುತ್ತದೆ. ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ.

ಸುರತ್ಕಲ್ ಸವಾರಿ ಮೇಷ್ಟ್ರು, ಅಕ್ಟೋಬರ್ 7

ಅಮ್ಮ, ನಾನು ಈ ಕೆಲಸವನ್ನೇ ಮಾಡುವವನು. ಹಲವು ವರ್ಷ ಬೇರೆ ಊರಲ್ಲಿ ಕಲಿತು ಈಗ ಊರಿಗೆ ಬಂದಿದ್ದೇನೆ. ಎರಡೇ ಕುದುರೆ ಉಂಟು, ವಾರಕ್ಕೆ ಆರು ವಿದ್ಯಾರ್ಥಿಗಳು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮಗುವನ್ನು ಕುದುರೆ ಮೇಲೆ ಕೂರಿಸುವುದು ಬೇರೆ, ಸವಾರಿ ಕಲಿಸುವುದು ಬೇರೆ. ಕೂರಿಸಿದರೆ ಮಗು ಸಾಮಾನಿನ ಹಾಗೆ ಸಾಗುತ್ತದೆ. ಕಲಿಸಿದರೆ ಕುದುರೆ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಮಗುವೇ ಹೇಳುತ್ತದೆ. ನನ್ನ ಇಡೀ ಪಾಠ ಇರುವುದು ಈ ವ್ಯತ್ಯಾಸದಲ್ಲಿ.

ಒಬ್ಬ ಹೊಸ ವಿದ್ಯಾರ್ಥಿಗೆ ನಾಲ್ಕು ದೊಡ್ಡವರು ಬೇಕು. ಒಬ್ಬರು ಕುದುರೆಯ ಹಗ್ಗ ಹಿಡಿಯುವವರು. ಅವರ ಗಮನ ಕುದುರೆಯ ಮೇಲೆ ಮಾತ್ರ. ಎರಡು ಬದಿಗೆ ಇಬ್ಬರು, ಅವರ ಗಮನ ಮಗುವಿನ ಮೇಲೆ ಮಾತ್ರ. ಅವರು ತೊಡೆಯ ಮೇಲೆ ಅಡ್ಡಕ್ಕೆ ಕೈ ಇಟ್ಟು ಜೀನನ್ನು ಹಿಡಿದುಕೊಂಡು ನಡೆಯುತ್ತಾರೆ. ನಾಲ್ಕನೆಯವನು ನಾನು, ನಡುವೆ ನಿಂತು ಪಾಠ ಹೇಳುವುದು. ಬದಿಯವರ ಕೈ ಬೇಗ ಸೋಲುತ್ತದೆ. ಆಗ ಕುದುರೆ ನಿಲ್ಲಿಸಿ, ಒಬ್ಬೊಬ್ಬರಾಗಿ ಬದಿ ಬದಲಿಸಬೇಕು. ಇಬ್ಬರೂ ಒಟ್ಟಿಗೆ ಕೈ ಬಿಡಲೇಬಾರದು.

ಮಗುವನ್ನು ಜೀನಿಗೆ ಕಟ್ಟಬಾರದು. ಶಾಲು, ಬೆಲ್ಟ್, ಸೀರೆ, ಯಾವುದರಲ್ಲೂ ಬೇಡ. ಕುದುರೆ ಮುಗ್ಗರಿಸಿದರೆ ಮಗು ಅದರ ಅಡಿಗೆ ಹೋಗುತ್ತದೆ. ಜೀನಿನಿಂದ ತೂಗುವ, ಪಾದ ಇಡುವ ರಿಕಾಬಿನಲ್ಲಿ ಪಾದ ಸಿಕ್ಕಿಕೊಳ್ಳುವುದೂ ಅಷ್ಟೇ ಅಪಾಯ. ನಾನು ಹೊರಬದಿಗೆ ರಬ್ಬರ್ ಬಳೆ ಇರುವ ರಿಕಾಬು ಬಳಸುತ್ತೇನೆ, ಬಿದ್ದರೆ ರಬ್ಬರ್ ಕಳಚಿ ಪಾದ ಬಿಟ್ಟುಕೊಳ್ಳುತ್ತದೆ. ಬೈಕಿನ ಹೆಲ್ಮೆಟ್ ಭಾರ ಜಾಸ್ತಿ, ಎಳೆಯ ಕುತ್ತಿಗೆಗೆ ಆಗುವುದಿಲ್ಲ. ಸವಾರಿಗೆಂದೇ ಇರುವ ಹಗುರದ ಹೆಲ್ಮೆಟ್ ಬೇಕು.

ಹತ್ತಿಸಲು ಕೆಂಪು ಕಲ್ಲಿನಲ್ಲಿ ಒಂದು ಇಳಿಜಾರು ಕಟ್ಟಿಸಿದ್ದೇನೆ. ವೀಲ್‌ಚೇರ್ ಸುಲಭಕ್ಕೆ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನನ್ನದು ಎರಡೂವರೆ ಅಡಿ ಎತ್ತರ, ಹಾಗಾಗಿ ಮೂವತ್ತು ಅಡಿ ಉದ್ದ. ಕಲ್ಲು ಕಟ್ಟುವ ಮೇಸ್ತ್ರಿ, ಇಷ್ಟು ಉದ್ದ ಎಂತಕ್ಕೆ ಎಂದು ಮೂರು ಸಲ ಕೇಳಿದರು. ಮೊದಲ ವಿದ್ಯಾರ್ಥಿನಿ ಯಾರ ಸಹಾಯವೂ ಇಲ್ಲದೆ ತಾನೇ ಗಾಲಿ ತಿರುಗಿಸಿಕೊಂಡು ಮೇಲೆ ಬಂದದ್ದನ್ನು ಅವರು ನಿಂತು ನೋಡಿದರು.

ಕುದುರೆಯನ್ನು ಎಡಬದಿಯಿಂದ ಹತ್ತುವುದು ರೂಢಿ. ಆದರೆ ಎಡಗಡೆಗೆ ಬಲವಿಲ್ಲದ ಮಗುವಿಗೆ ಅದು ಕಷ್ಟ. ಹಾಗಾಗಿ ನನ್ನ ಎರಡೂ ಕುದುರೆಗಳಿಗೆ ಎರಡೂ ಬದಿಯಿಂದ ಹತ್ತಿಸಿಕೊಳ್ಳಲು ಕಲಿಸಿದ್ದೇನೆ. ಕುದುರೆಯ ಮೈ ಅಗಲವನ್ನೂ ನೋಡಬೇಕು. ನಿಮ್ಮ ಮಗನಿಗೆ ಸಪೂರ ಕುದುರೆ ಬೇಕು, ಅಗಲದ್ದಾದರೆ ತೊಡೆ ನೋಯುತ್ತದೆ. ಮೈ ಸಡಿಲ ಇರುವ ಮಗುವಿಗೆ ಅಗಲದ ಬೆನ್ನು ಒಳ್ಳೆಯದು.

ಮೊದಲ ಪಾಠ ಎರಡೇ ಶಬ್ದ. "ನಡೆ", "ನಿಲ್ಲು". ಮಗು ಹೇಳುವವರೆಗೆ ಕುದುರೆ ಹೊರಡುವುದಿಲ್ಲ. ಹಗ್ಗ ಹಿಡಿದವರು ಮುಂದೆ ಎಳೆಯಬಾರದು. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಬೇಕಾದರೆ ಇನ್ನೊಂದು ಸಲ ಎಣಿಸುತ್ತೇನೆ. ಯಾರೂ ಮಾತಾಡುವ ಹಾಗಿಲ್ಲ. ನಿಮ್ಮ ಮಗನಿಗೆ ಶಬ್ದ ಹೊರಗೆ ಬರಲು ಹೊತ್ತು ಬೇಕು ಎಂದಿರಲ್ಲ, ಅದನ್ನು ಓದಿದಾಗಲೇ ಉತ್ತರಿಸಬೇಕು ಅನಿಸಿತು. ಕುದುರೆಗೆ ಅವಸರ ಇಲ್ಲ ಅಮ್ಮ. ಅದು ಕಾಯುತ್ತದೆ.

ಬಿಜೈ ಅಪ್ಪ, ಅಕ್ಟೋಬರ್ 7

ಸರ್, ನನ್ನ ಮಗಳಿಗೆ ಆಟಿಸಂ, ವಯಸ್ಸು ಹತ್ತು. ನಡೆಯಲು ಓಡಲು ತೊಂದರೆ ಇಲ್ಲ. ಯಾರಾದರೂ ಮುಟ್ಟಿದರೆ ಆಗುವುದಿಲ್ಲ, ತಲೆಗೆ ಟೊಪ್ಪಿ ಹಾಕಲು ಬಿಡುವುದಿಲ್ಲ. ಎರಡು ಬದಿಗೆ ಇಬ್ಬರು ತೊಡೆ ಹಿಡಿಯುತ್ತಾರೆ ಎಂದು ಓದಿಯೇ ನಮ್ಮವರು ಇದು ನಮಗಾಗುವುದಿಲ್ಲ ಎಂದರು. ಅಂಥ ಮಕ್ಕಳಿಗೆ ಹೇಗೆ?

ಸುರತ್ಕಲ್ ಸವಾರಿ ಮೇಷ್ಟ್ರು, ಅಕ್ಟೋಬರ್ 8

ಅಣ್ಣ, ಹೆಲ್ಮೆಟ್ ಇಲ್ಲದೆ ಹತ್ತಿಸುವುದಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ. ಆದರೆ ಅವಸರವೂ ಇಲ್ಲ. ಹೆಲ್ಮೆಟನ್ನು ಮೊದಲು ಮನೆಗೆ ಕೊಂಡುಹೋಗಿ. ಒಂದು ವಾರ ಅವಳ ಆಟದ ಸಾಮಾನಿನ ಜೊತೆ ಬಿದ್ದಿರಲಿ. ಆಮೇಲೆ ನೀವು ಹಾಕಿಕೊಳ್ಳಿ, ಅವಳ ಗೊಂಬೆಗೆ ಹಾಕಿ. ಆಮೇಲೆ ಐದು ಎಣಿಸುವಷ್ಟು ಹೊತ್ತು ಅವಳ ತಲೆಗೆ. ಒಬ್ಬ ಹುಡುಗನಿಗೆ ಇದಕ್ಕೆ ಏಳು ವಾರ ಬೇಕಾಯಿತು. ಆ ಏಳು ವಾರವೂ ಅವನು ಲಾಯಕ್ಕೆ ಬರುತ್ತಿದ್ದ. ಕುದುರೆಯ ಮೈ ಉಜ್ಜಿದ, ನೀರಿಟ್ಟ, ಅದರ ಹಗ್ಗ ಹಿಡಿದು ನಡೆಸಿದ. ಅದೂ ಪಾಠವೇ.

ಮುಟ್ಟುವುದರ ಬಗ್ಗೆ. ಮೆತ್ತಗೆ ಸವರಿದ ಹಾಗೆ ಮುಟ್ಟಿದರೆ ಇಂಥ ಮಕ್ಕಳಲ್ಲಿ ಕೆಲವರಿಗೆ ಜಾಸ್ತಿ ಹಿಂಸೆ. ಗಟ್ಟಿಯಾಗಿ, ಅಲುಗಾಡದೆ ಹಿಡಿದ ಕೈ ಅಷ್ಟು ಕಷ್ಟ ಕೊಡುವುದಿಲ್ಲ. ಮಗಳ ಸಮತೋಲ ಚೆನ್ನಾಗಿದ್ದರೆ ಬದಿಯವರು ಮುಟ್ಟದೆ ಕೈಯಳತೆಯಲ್ಲೇ ನಡೆಯಬಹುದು. ಮತ್ತೆ, ಒಬ್ಬರೇ ಮಾತಾಡಬೇಕು. ನಾಲ್ಕು ಬಾಯಿಂದ "ಬೆನ್ನು ನೇರ, ಮುಂದೆ ನೋಡು, ಶಾಭಾಸ್" ಎಂದು ಬಂದರೆ ಆ ಮಗುವಿಗೆ ಅದು ಮಾತಲ್ಲ, ಗಲಾಟೆ.

ಚಿತ್ರಗಳ ಒಂದು ಪಟ್ಟಿ ಮಾಡಿ ಕಂಬಕ್ಕೆ ತೂಗುಹಾಕಿದ್ದೇನೆ. ಹೆಲ್ಮೆಟ್, ಹತ್ತುವುದು, ಮೂರು ಸುತ್ತು, ಇಳಿಯುವುದು, ಕುದುರೆಗೆ ಕ್ಯಾರೆಟ್. ಮುಗಿದದ್ದನ್ನು ಮಗುವೇ ತಿರುಗಿಸುತ್ತದೆ. ಲಗಾಮಿಗೆ ಕೆಂಪು, ಹಳದಿ, ನೀಲಿ ಟೇಪ್ ಸುತ್ತಿದ್ದೇನೆ. "ಲಗಾಮು ಗಿಡ್ಡ ಹಿಡಿ" ಎಂದರೆ ಅರ್ಥ ಆಗದ ಮಗುವಿಗೆ "ಹಳದಿ ಹಿಡಿ" ಎಂದರೆ ಅರ್ಥ ಆಗುತ್ತದೆ.

ಕುಂದಾಪುರದ ಓದುಗ, ಅಕ್ಟೋಬರ್ 9

ಎಲ್ಲರೂ ಒಳ್ಳೆಯ ಮನಸ್ಸಿನಿಂದ ಬರೆಯುತ್ತಿದ್ದೀರಿ. ಆದರೂ ನಾನು ಹೇಳಲೇಬೇಕು. ನನ್ನ ಮಗನಿಗೆ ಈಗ 16. ಅವನಿಗೆ ಎರಡು ವರ್ಷ ಇದ್ದಾಗಿನಿಂದ ಒಂದೊಂದು ಹೊಸ ಚಿಕಿತ್ಸೆಯ ಹಿಂದೆ ಓಡಿದ್ದೇವೆ. ಎಣ್ಣೆ, ಇಂಜೆಕ್ಷನ್, ಯಂತ್ರ. ಹೆಂಡತಿಯ ಚಿನ್ನ ಹೋಯಿತು. ಪ್ರತಿ ಸಲ "ಆರು ತಿಂಗಳು ನೋಡಿ" ಎಂದರು. ಹಾಗಾಗಿ ಕುದುರೆ ಎಂದ ಕೂಡಲೇ ನನಗೆ ಹೆದರಿಕೆ.

ಹೆದರಿಕೆಗೆ ಇನ್ನೊಂದು ಕಾರಣವೂ ಉಂಟು. ಆರು ವರ್ಷ ಹಿಂದೆ ಪ್ರವಾಸ ಹೋದಾಗ ಒಂದು ಕಡೆ ಅವನನ್ನು ಕುದುರೆಗೆ ಹತ್ತಿಸಿದೆವು. ಬೀಳಬಾರದೆಂದು ದುಪಟ್ಟಾದಲ್ಲಿ ಜೀನಿಗೆ ಕಟ್ಟಿದರು. ನಾವೂ ಸುಮ್ನೆ ಒಪ್ಪಿದೆವು. ಯಾರೋ ಪಕ್ಕದಲ್ಲಿ ಪಟ್ಟನೆ ಕೊಡೆ ಬಿಚ್ಚಿದರು. ಕುದುರೆ ಬೆಚ್ಚಿ ಬದಿಗೆ ಹಾರಿತು. ಜೀನು ಜಾರಿತು, ಮಗ ಅದರ ಜೊತೆ ತಲೆಕೆಳಗಾಗಿ ನೇತಾಡಿದ. ದೇವರ ದಯೆ, ಮೂರು ಹೊಲಿಗೆಯಲ್ಲಿ ಮುಗಿಯಿತು. ಅವನಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಹತ್ತಿಸುವ ಮೊದಲು ಯಾರೂ ಅದನ್ನು ಕೇಳಲಿಲ್ಲ. ಯಾರಿಗೆ ಬೇಡ ಎಂಬುದನ್ನೂ ಇಲ್ಲಿ ಬರೆಯಿರಿ. ಬರೇ ಆಸೆ ಹುಟ್ಟಿಸಬೇಡಿ.

ಮಣಿಪಾಲದ ಫಿಸಿಯೋ, ಅಕ್ಟೋಬರ್ 9

ಅಣ್ಣ, ನೀವು ಬರೆದದ್ದು ಒಳ್ಳೆಯದಾಯಿತು. ನಾನು ಮೊದಲೇ ಹೇಳಬೇಕಿತ್ತು.

ಔಷಧಿಯಲ್ಲಿ ಹತೋಟಿಗೆ ಬರದ ಫಿಟ್ಸ್ ಇದ್ದರೆ ಕುದುರೆ ಬೇಡ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವೆ ಸಡಿಲ ಇರುತ್ತದೆ. ಕುಲುಕಾಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಬಹುದು. ಹಾಗಾಗಿ ಅವರಿಗೆ ಕುತ್ತಿಗೆಯ ಎಕ್ಸ್‌ರೇ ಮತ್ತು ನರಗಳ ಪರೀಕ್ಷೆ ಆಗದೆ ಬೇಡ. ಪರೀಕ್ಷೆಯಲ್ಲಿ ಎಲ್ಲ ಸರಿ ಎಂದು ಬಂದರೂ ನಡಿಗೆಯಲ್ಲಿ, ಮೂತ್ರದ ಹಿಡಿತದಲ್ಲಿ ಬದಲಾವಣೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಬೆನ್ನು ಜಾಸ್ತಿ ಸೊಟ್ಟ ಇದ್ದರೆ, ಸೊಂಟ ಗುಳಿ ತಪ್ಪಿದ್ದರೆ, ಸುಮ್ನೆ ತಾಗಿದರೂ ಮೂಳೆ ಮುರಿಯುವ ಕಾಯಿಲೆ ಇದ್ದರೆ ಬೇಡ. ಹುಟ್ಟುವಾಗಲೇ ಬೆನ್ನುಮೂಳೆ ಸರಿಯಾಗಿ ಮುಚ್ಚಿರದ ಸ್ಪೈನಾ ಬೈಫಿಡಾದಲ್ಲಿ ಕೆಲವರಿಗೆ ಕೂರುವ ಜಾಗಕ್ಕೆ ಸ್ಪರ್ಶ ಇರುವುದಿಲ್ಲ. ಅಲ್ಲಿ ಚರ್ಮ ಸುಲಿದರೂ ಮಗುವಿಗೆ ಗೊತ್ತಾಗುವುದಿಲ್ಲ, ನಾವೇ ನೋಡಬೇಕು. ಕುದುರೆಯ ಕೂದಲು, ಹುಲ್ಲಿನ ಧೂಳಿಗೆ ಅಸ್ತಮಾ ಏಳುವವರಿಗೂ ಕಷ್ಟ. ನಾಲ್ಕು ವರ್ಷಕ್ಕಿಂತ ಸಣ್ಣವರಿಗೆ ಸವಾರಿ ಪಾಠ ಬೇಡ.

ಇದು ರೋಗ ಗುಣ ಮಾಡುವುದಿಲ್ಲ. ಗುಣ ಆಗುತ್ತದೆ ಎಂದು ಯಾರಾದರೂ ಹೇಳಿ ದುಡ್ಡು ಕೇಳಿದರೆ ಎದ್ದು ಬನ್ನಿ.

ಪುತ್ತೂರಿನ ಪಶುವೈದ್ಯೆ, ಅಕ್ಟೋಬರ್ 11

ಕುದುರೆಯ ಪರವಾಗಿ ನಾನು ಮಾತಾಡುತ್ತೇನೆ.

ಮೊದಲು ನಮ್ಮ ಹವೆ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳ ಬಂದರಿನಲ್ಲಿ ಇಳಿಯುತ್ತಿದ್ದವು. ಇಳಿದವು ಘಟ್ಟ ಹತ್ತಿ ಹೋಗುತ್ತಿದ್ದವು. ನಮ್ಮಲ್ಲಿ ಕೋಣ ಸಾಕುವ ವಿದ್ಯೆ ಮನೆಮನೆಗೂ ಗೊತ್ತು, ಕುದುರೆ ಸಾಕುವುದು ಅಷ್ಟು ಗೊತ್ತಿಲ್ಲ. ಕುದುರೆ ನಮ್ಮ ಹಾಗೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಮೈಯ ಬಿಸಿ ಇಳಿಯುವುದಿಲ್ಲ. ಕೆಲವು ಕುದುರೆಗಳು ಇಂಥ ಹವೆಯಲ್ಲಿ ಬೆವರುವುದನ್ನೇ ನಿಲ್ಲಿಸುತ್ತವೆ. ಮೈ ಒಣಗಿದೆ, ಮೂಗಿನ ಹೊಳ್ಳೆ ಅಗಲಿಸಿ ಏದುಸಿರು ಬಿಡುತ್ತಿದೆ ಎಂದರೆ ಕೂಡಲೇ ನೆರಳಿಗೆ ತಂದು ಮೈಗೆ ನೀರು ಹಾಕಿ ಡಾಕ್ಟರನ್ನು ಕರೆಯಿರಿ. ಮಾರ್ಚ್ ಬಂದ ಮೇಲೆ ಬೆಳಿಗ್ಗೆ ಎಂಟರ ಒಳಗೆ ಪಾಠ ಮುಗಿಯಬೇಕು.

ಮಳೆಗಾಲ ಇನ್ನೊಂದು ಪರೀಕ್ಷೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಒದ್ದೆ ನೆಲದಲ್ಲಿ ನಿಂತ ಕುದುರೆಯ ಗೊರಸಿನ ಅಡಿ ಕೊಳೆತು ನಾರುತ್ತದೆ. ದಿನಾ ಎರಡು ಸಲ ಗೊರಸು ಕೆರೆದು ಒಣಗಿಸಬೇಕು. ಲಾಯದ ನೆಲ ಎತ್ತರದಲ್ಲಿರಲಿ, ಮೇಲೆ ಮರದ ಹುಡಿ ದಪ್ಪಕ್ಕೆ ಹಾಸಿ. ಗೊರಸು ನೋಯುವ ಕುದುರೆ ಸಮ ಹೆಜ್ಜೆ ಇಡುವುದಿಲ್ಲ. ಫಿಸಿಯೋ ಮೇಡಂ ಹೇಳಿದ ಆ 2000 ಹೆಜ್ಜೆಯ ಉಪಯೋಗವೇ ಹೋಗುತ್ತದೆ.

ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ಎಂಬ ಜ್ವರ ಬರುತ್ತದೆ. ಗ್ಲ್ಯಾಂಡರ್ಸ್ ಇನ್ನೂ ಕೆಟ್ಟದು, ಮನುಷ್ಯರಿಗೂ ಅಂಟುತ್ತದೆ. ಅದು ಕಂಡರೆ ಸರಕಾರಕ್ಕೆ ತಿಳಿಸಲೇಬೇಕು. ಹೊಸ ಕುದುರೆ ಕೊಳ್ಳುವಾಗ ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಆಗಿದೆಯಾ ಎಂದು ಕಾಗದ ಕೇಳಿ. ನಮ್ಮ ದೇಶದಲ್ಲಿ ಕುದುರೆಗಳಿಗೆಂದೇ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಉಂಟು. ಧನುರ್ವಾಯು ಲಸಿಕೆ ಕುದುರೆಗೂ ಬೇಕು, ಲಾಯಕ್ಕೆ ಬರುವ ಪ್ರತಿಯೊಬ್ಬರಿಗೂ ಬೇಕು.

ಭಾರದ ಲೆಕ್ಕ ಹೀಗೆ. ಜೀನು ಸೇರಿ ಕುದುರೆಯ ತೂಕದ ನೂರಕ್ಕೆ 20 ದಾಟಬಾರದು. 300 ಕಿಲೋ ಕುದುರೆಗೆ 60 ಕಿಲೋ ಆಯಿತು. ಸಮತೋಲ ಇಲ್ಲದ ಸವಾರ ಒಂದು ಬದಿಗೆ ವಾಲಿ ಕೂರುತ್ತಾನೆ, ಹಾಗಾಗಿ ಅದಕ್ಕಿಂತಲೂ ಕಡಿಮೆಯೇ ಇರಲಿ. ಮತ್ತೆ ದಯವಿಟ್ಟು ಅದರ ಮುಖ ನೋಡಿ. ಕಿವಿ ಹಿಂದಕ್ಕೆ ಒತ್ತಿ ಬಾಲ ಬೀಸುತ್ತಿದ್ದರೆ ಇವತ್ತು ಸಾಕು ಎಂದು ಅದು ಹೇಳುತ್ತಿದೆ. ಬಾಯಿ ಇಲ್ಲದ ಪ್ರಾಣಿ ಎನ್ನುತ್ತಾರೆ, ನನಗೆ ಹಾಗೆ ಅನಿಸುವುದಿಲ್ಲ.

ಕಾರ್ಕಳ ಪೋಲಿಯೋ, ಅಕ್ಟೋಬರ್ 12

ನನಗೆ 52 ವರ್ಷ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂತು. ಬಲಗಾಲಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಪಟ್ಟಿ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನಲವತ್ತು ದಾಟಿದ ಮೇಲೆ ಸವಾರಿ ಕಲಿತೆ.

ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್ ಬಗ್ಗೆ ಇಲ್ಲಿ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. 1944ರಲ್ಲಿ ಗರ್ಭಿಣಿಯಾಗಿದ್ದಾಗ ಅವರಿಗೆ ಪೋಲಿಯೋ ಬಂತು. ಮೊಣಕಾಲಿನ ಕೆಳಗೆ ಬಲ ಮತ್ತೆ ಬರಲೇ ಇಲ್ಲ. ಕುದುರೆ ಹತ್ತಲು ಇಳಿಯಲು ಬೇರೆಯವರ ಸಹಾಯ ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಕುದುರೆಯ ಮೇಲೆ ಡ್ರೆಸಾಜ್‌ನಲ್ಲಿ (ಸವಾರರ ಸೂಚನೆಯಂತೆ ಕುದುರೆ ನಾಜೂಕಾಗಿ ಹೆಜ್ಜೆ ಇಡುವ ಸ್ಪರ್ಧೆ) ಬೆಳ್ಳಿ ಗೆದ್ದರು. ಗಂಡಸರ ಜೊತೆಗೇ ಸ್ಪರ್ಧಿಸಿ ಗೆದ್ದದ್ದು. ಆ ವಿಭಾಗದಲ್ಲಿ ಹೆಂಗಸರಿಗೆ ಅವಕಾಶ ಸಿಕ್ಕಿದ್ದೇ ಆ ವರ್ಷ. 1956ರಲ್ಲಿ ಮತ್ತೆ ಬೆಳ್ಳಿ. ಯುರೋಪಿನಲ್ಲಿ ಇಂಥ ಸವಾರಿ ಶಾಲೆಗಳು ಬೆಳೆಯಲು ಅವರನ್ನು ನೋಡಿದ ಜನರೇ ಕಾರಣ. ಇಂಗ್ಲೆಂಡ್‌ನಲ್ಲೂ ಅಮೆರಿಕದಲ್ಲೂ ಇದಕ್ಕೆಂದೇ ದೊಡ್ಡ ಸಂಘಗಳು ಒಂದೇ ವರ್ಷ, 1969ರಲ್ಲಿ ಶುರುವಾದವು.

ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಹುಟ್ಟಿದಾಗಿನಿಂದ ಜನರ ಮುಖವನ್ನು ಕೆಳಗಿನಿಂದಲೇ ನೋಡಿದವನು. ಕೂತಲ್ಲಿಂದ, ಬಗ್ಗಿದಲ್ಲಿಂದ. ಕುದುರೆ ಮೇಲಿಂದ ಮೊದಲ ಸಲ ಎಲ್ಲರ ನೆತ್ತಿ ಕಂಡಿತು. ನನ್ನ ಮೇಡಂ ಒಂದು ದಿನವೂ "ಪಾಪ" ಎನ್ನಲಿಲ್ಲ. ಬೆನ್ನು ಗೂನು ಮಾಡಿದರೆ ಬೈದರು. ಬಲಗಾಲಿನ ಬದಲು ಒಂದು ಸಣ್ಣ ಕೋಲಿನಿಂದ ಕುದುರೆಗೆ ಸೂಚನೆ ಕೊಡಲು ಕಲಿಸಿದರು. ತಪ್ಪಿದಾಗ ಹತ್ತು ಸಲ ಮಾಡಿಸಿದರು. ಬೇರೆ ಯಾವ ಶಾಲೆಯಲ್ಲೂ ನನ್ನಿಂದ ಯಾರೂ ಅಷ್ಟು ನಿರೀಕ್ಷೆ ಮಾಡಿರಲಿಲ್ಲ. ಪಿ.ಟಿ. ಪಿರಿಯಡ್‌ನಲ್ಲಿ ನನ್ನನ್ನು ಚೀಲ ಕಾಯಲು ಕೂರಿಸುತ್ತಿದ್ದರು.

ಮೇಷ್ಟ್ರೇ, ನಿಮ್ಮಲ್ಲಿ ಬದಿಗೆ ನಡೆಯಲು ನನ್ನಿಂದ ಆಗುವುದಿಲ್ಲ. ಆದರೆ ದೊಡ್ಡ ಹುಡುಗರಿಗೆ ಲಗಾಮು ಹಿಡಿಯುವುದನ್ನು ಕೂತಲ್ಲಿಂದಲೇ ಹೇಳಿಕೊಡಬಲ್ಲೆ. ಬರಲಾ?

ಸುರತ್ಕಲ್ ಸವಾರಿ ಮೇಷ್ಟ್ರು, ಅಕ್ಟೋಬರ್ 12

ಅಣ್ಣ, ಶನಿವಾರವೇ ಬನ್ನಿ. ಮೂರು ಹುಡುಗರು ನಿಮಗಾಗಿ ಕಾಯುತ್ತಿದ್ದಾರೆ ಎಂದುಕೊಳ್ಳಿ.

ಮಂಗಳೂರಿನ ಟೀಚರ್, ಅಕ್ಟೋಬರ್ 14

ನಾನು ವಿಶೇಷ ಶಾಲೆಯಲ್ಲಿ 19 ವರ್ಷದಿಂದ ಕಲಿಸುತ್ತಿದ್ದೇನೆ. ಒಂದು ತರಗತಿಯನ್ನೇ ಹೀಗೆ ಕರೆದುಕೊಂಡು ಹೋದ ಅನುಭವ ಹೇಳುತ್ತೇನೆ, ಬೇರೆ ಶಾಲೆಯವರಿಗೆ ಉಪಯೋಗ ಆಗಬಹುದು.

ಹನ್ನೊಂದು ಮಕ್ಕಳು, ಒಂದೇ ಕುದುರೆ. ಒಂದು ಬೆಳಿಗ್ಗೆಗೆ ಮೂವರಿಗೆ ಮಾತ್ರ ಸವಾರಿ. ಉಳಿದ ಎಂಟು ಮಂದಿ ಎಂತ ಮಾಡಬೇಕು? ಮೊದಲ ದಿನ ಬೆಂಚಿನ ಮೇಲೆ ಕೂರಿಸಿ ತಪ್ಪು ಮಾಡಿದೆವು, ಅತ್ತು ರಂಪ. ಎರಡನೇ ವಾರದಿಂದ ಎಲ್ಲರಿಗೂ ಕೆಲಸ. ಇಬ್ಬರು ಹುರುಳಿ ಅಳೆದರು. ಪಾವು, ಸೇರು ನಾನು ತರಗತಿಯಲ್ಲಿ ಎರಡು ತಿಂಗಳು ಹೇಳಿದರೂ ಹತ್ತದ ಹುಡುಗ ಕುದುರೆಯ ಬಕೆಟ್ಟಿಗೆ ಸರಿಯಾಗಿ ಅಳೆದು ಹಾಕಿದ. ಒಬ್ಬಳು ಬ್ರಷ್‌ಗಳನ್ನು ಸಾಲಾಗಿ ಜೋಡಿಸಿದಳು. ದೃಷ್ಟಿ ಇಲ್ಲದ ಹುಡುಗಿಯೊಬ್ಬಳು ಕುದುರೆಯ ಕುತ್ತಿಗೆಯಿಂದ ಬಾಲದವರೆಗೆ ಕೈಯಾಡಿಸಿ, "ಟೀಚರ್, ಇದು ಇಷ್ಟು ಉದ್ದ ಉಂಟಾ!" ಎಂದಳು. ಕುದುರೆ ಎಂಬ ಶಬ್ದ ಅವಳಿಗೆ ಆವತ್ತು ಸಿಕ್ಕಿತು.

ಬದಿಗೆ ನಡೆಯಲು ಕಾಲೇಜಿನ ಎನ್.ಎಸ್.ಎಸ್. ಮಕ್ಕಳನ್ನು ಕೇಳಿ. ಬರುತ್ತಾರೆ. ಆದರೆ ಒಂದು ದಿನ ಬಂದು ಫೋಟೋ ತೆಗೆಸಿಕೊಂಡು ಹೋಗುವವರು ಬೇಡ, ಎರಡು ತಿಂಗಳು ಪ್ರತಿ ವಾರ ಬರುತ್ತೇವೆ ಎನ್ನುವವರು ಬೇಕು. ಮಕ್ಕಳು ಮುಖ ಗುರುತು ಹಿಡಿಯುತ್ತಾರೆ. ಹೊಸಬರಿಗೆ ಮೊದಲು ಖಾಲಿ ಕುದುರೆಯ ಜೊತೆ ನಡೆಯಲು ಹೇಳಿ. ಆಮೇಲೆ ಅವರನ್ನೇ ಕಣ್ಣು ಕಟ್ಟಿ ಕುದುರೆ ಮೇಲೆ ಕೂರಿಸಿ ಒಂದು ಸುತ್ತು ಬರಲಿ. ತೊಡೆಯ ಮೇಲಿನ ಒಂದು ಕೈ ಎಷ್ಟು ಧೈರ್ಯ ಕೊಡುತ್ತದೆ ಎಂದು ಆಗ ಅವರಿಗೇ ಗೊತ್ತಾಗುತ್ತದೆ.

ಕಟಪಾಡಿ ಅಮ್ಮ, ಜನವರಿ 18

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಕ್ಷಮಿಸಿ.

ಸೊಂಟದ ಎಕ್ಸ್‌ರೇ ಮಾಡಿಸಿದೆವು. ಎಡಬದಿ ಸ್ವಲ್ಪ ಜಾರಿದೆ. ಮೂಳೆ ಡಾಕ್ಟರು ಸಪೂರ ಕುದುರೆ, ಇಪ್ಪತ್ತು ನಿಮಿಷ, ನಡಿಗೆ ಮಾತ್ರ, ಆರು ತಿಂಗಳಿಗೆ ಮತ್ತೆ ಎಕ್ಸ್‌ರೇ ಎಂದು ಬರೆದುಕೊಟ್ಟರು. ಫಿಸಿಯೋ ಮೇಡಂ, ನೀವು ಹೇಳದೇ ಇದ್ದಿದ್ದರೆ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಮೇಷ್ಟ್ರ ಹತ್ತಿರ ಒಂಬತ್ತು ಪಾಠ ಆಯಿತು. ಮೊದಲ ಎರಡು ಪಾಠದಲ್ಲಿ ಹತ್ತಲಿಲ್ಲ, ಬ್ರಷ್ ಮಾತ್ರ. ಮೂರನೆಯದರಲ್ಲಿ ಹತ್ತಿದ. "ನಡೆ" ಹೇಳಬೇಕಿತ್ತು. ಬಾಯಿ ತೆರೆಯುತ್ತಾನೆ, ಶಬ್ದ ಇಲ್ಲ. ನಾನು ದೂರ ಬೇಲಿಯ ಹತ್ತಿರ ನಿಂತಿದ್ದೆ. ಅವನ ಬದಲು ನಾನೇ ಹೇಳಿಬಿಡುತ್ತೇನೋ ಎಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಯಾರೂ ಅಲುಗಲಿಲ್ಲ. ಕುದುರೆ ಒಂದು ಸಲ ಕಿವಿ ಹಿಂದೆ ತಿರುಗಿಸಿ ಅವನ ಕಡೆ ಕೇಳಿಸಿಕೊಂಡ ಹಾಗೆ ಮಾಡಿತು. ಕೊನೆಗೆ ಬಂದ ಶಬ್ದ "ನಡೆ" ಅಲ್ಲ. "ನಡಪು" ಎಂದ. ನಮ್ಮ ಮನೆಮಾತು ತುಳು. ನಾವು ಅವನಿಗೆ ಹೇಳುವುದೂ ಅದನ್ನೇ, ವಾಕರ್ ಹಿಡಿಸಿ ದಿನಾ ಹೇಳುವ ಶಬ್ದ ಅದು. ಆವತ್ತು ಅವನು ಇನ್ನೊಬ್ಬರಿಗೆ ಹೇಳಿದ. ಕುದುರೆ ಹೊರಟಿತು.

ಈಗ ನಿಲ್ಲಿಸಲು "ಉಂತ್" ಎನ್ನುತ್ತಾನೆ. ಮೇಷ್ಟ್ರು ಹೇಳಿದರು, ಬೇರೊಬ್ಬ ಹುಡುಗಿ ಕೊಂಕಣಿಯಲ್ಲಿ "ರಾವ್" ಎನ್ನುತ್ತಾಳಂತೆ, ಅದಕ್ಕೂ ನಿಲ್ಲುತ್ತದಂತೆ.

ನಡಿಗೆ ಬದಲಾಗಿದೆಯಾ ಎಂದು ಎಲ್ಲರೂ ಕೇಳುತ್ತಾರೆ. ವಾಕರ್ ಇನ್ನೂ ಬೇಕು. ಆದರೆ ಊಟಕ್ಕೆ ಗೋಡೆಗೆ ಒರಗದೆ ಕೂರುತ್ತಾನೆ, ಎರಡೂ ಕೈ ಬಟ್ಟಲಿಗೆ ಸಿಗುತ್ತವೆ. ಸವಾರಿ ದಿನ ರಾತ್ರಿ ಸ್ಪ್ಲಿಂಟ್ ಸುಲಭ. ಮತ್ತೊಂದು, ಯಾರಾದರೂ ಅವನ ಮಾತು ಮುಗಿಸಲು ಹೋದರೆ ಈಗ ಕೈ ಎತ್ತಿ "ಉಂತ್" ಎನ್ನುತ್ತಾನೆ. ಅತ್ತೆಗೂ ಹೇಳಿದ.

ಕುಂದಾಪುರದ ಓದುಗ, ಜನವರಿ 18

ಓದಿದೆ ಅಕ್ಕಾ. ಎರಡು ಸಲ ಓದಿದೆ. ನನ್ನ ಮಗನಿಗೆ ಫಿಟ್ಸ್ ನಿಂತು ಎರಡು ವರ್ಷ ಆಯಿತು, ಔಷಧಿ ನಡೆಯುತ್ತಿದೆ. ಆದರೂ ಹತ್ತಿಸುವ ಧೈರ್ಯ ನನಗಿಲ್ಲ. ಹುರುಳಿ ಅಳೆಯಲು, ಮೈ ಉಜ್ಜಲು ಬರಬಹುದಾ ಮೇಷ್ಟ್ರೇ? ಅವನಿಗೆ ಪ್ರಾಣಿ ಎಂದರೆ ಪ್ರಾಣ.

ಸುರತ್ಕಲ್ ಸವಾರಿ ಮೇಷ್ಟ್ರು, ಜನವರಿ 19

ಖಂಡಿತ ಬನ್ನಿ ಅಣ್ಣ. ಗುರುವಾರ ಬೆಳಿಗ್ಗೆ ಆರೂವರೆಗೆ ಮೊದಲ ಊಟ ಹಾಕುತ್ತೇವೆ. ಅವನ ನರರೋಗ ಡಾಕ್ಟರ ಹಳೆಯ ಚೀಟಿಗಳನ್ನು ತನ್ನಿ, ಓದಿ ಇಟ್ಟುಕೊಳ್ಳುತ್ತೇನೆ. ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ಎಂದೂ ನೋಡಿ ಬನ್ನಿ. ಮುಂದೆ ಬೆರಳು ಮುಚ್ಚುವ ಚಪ್ಪಲಿ ಅಥವಾ ಶೂ ಇರಲಿ. ಹತ್ತುವ ಮಾತನ್ನು ನಾನೂ ಎತ್ತುವುದಿಲ್ಲ, ಅವನಿಗೆ ಬೇಕೆನಿಸಿದರೆ ಅವನೇ ಹೇಳಲಿ. ಕೊಡೆ ಕಾರಿನಲ್ಲೇ ಬಿಟ್ಟು ಬನ್ನಿ.